ನೆಗೆಯಲು ಬಾರದ ಕ್ಯಾಪ್ಟನ್

ಅಂತರಿಕ್ಷ ನೌಕೆಯ ಕ್ಯಾಪ್ಟನ್ ಆಗಲು ಏನೇನು ಅರ್ಹತೆ ಬೇಕೋ, ಆ ದೇವರೇ ಬಲ್ಲ. ಆದರೆ ಮೊಣಕಾಲೆತ್ತರದ ಇಟ್ಟಿಗೆಯೊಂದನ್ನು ದಾಟುವಷ್ಟಾದರೂ ನೆಗೆಯಲು ಬರಬೇಡವೇ? ಐರ್ಲೆಂಡಿನ ಟೆರ್ರಿ ಕ್ಯಾವನಾ 2010ರ ಜನವರಿಯಲ್ಲಿ ಹೊರತಂದ ‘ವಿವಿವಿವಿವಿವಿ’ ಎಂಬ ಕಂಪ್ಯೂಟರ್ ಆಟದ ನಾಯಕ ಕ್ಯಾಪ್ಟನ್ ವಿರಿಡಿಯನ್‌ಗೆ ಅಷ್ಟೂ ಬರುವುದಿಲ್ಲ. ಗೊತ್ತಿರುವುದು ಒಂದೇ ವಿದ್ಯೆ: ಗುಂಡಿ ಒತ್ತಿದರೆ ಗುರುತ್ವಾಕರ್ಷಣೆ ತಿರುವುಮುರುವಾಗಿ, ನೆಲದ ಮೇಲಿದ್ದವನು ಸೂರಿಗೆ ಹೋಗಿ ತಲೆಕೆಳಗಾಗಿ ನಿಲ್ಲುತ್ತಾನೆ. ಮತ್ತೆ ಒತ್ತಿದರೆ ನೆಲಕ್ಕೆ ಬರುತ್ತಾನೆ. ನಡುವೆ ಗಾಳಿಯಲ್ಲಿರುವಾಗ ಎಷ್ಟು ಬಡಿದುಕೊಂಡರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ರಜೆಗೆ ಬಂದಿದ್ದ ಅಕ್ಕನ ಮಗ ಪರದೆಯನ್ನು ನೋಡಿ, “ಮಾಮ, ಚಿತ್ರ ಇನ್ನೂ ಪೂರ್ತಿ ಲೋಡ್ ಆಗಿಲ್ಲ” ಎಂದ. 1982ರಲ್ಲಿ ಬಂದ ಕಮೋಡೋರ್ 64 ಎಂಬ ಕಂಪ್ಯೂಟರಿನ ಚೌಕಚೌಕ ಚಿತ್ರಗಳ ನೆನಪಿಗಾಗಿ ಬೇಕೆಂದೇ ಹಾಗೆ ಮಾಡಿದ್ದಾರೆಂದು ಭಾಷಣ ಬಿಗಿದೆ. ಎಲ್ಲವನ್ನೂ ವಿನಯದಿಂದ ಕೇಳಿದ. ಕೊನೆಗೆ, “ಇದಕ್ಕೆ ದುಡ್ಡು ಬೇರೆ ಕೊಟ್ಟೆಯಾ?” ಎಂದ.

ಅಮ್ಮನಿಗೆ ಚಿತ್ರದ ಬಗ್ಗೆ ತಕರಾರಿಲ್ಲ. ಅವರ ಸಂಕಟವೆಲ್ಲ ಕ್ಯಾಪ್ಟನ್ ಮುಖದ್ದು. ಅವನು ಸದಾ ನಗುತ್ತಿರುತ್ತಾನೆ. ಮುಳ್ಳಿಗೆ ತಾಗಿದ ತಕ್ಷಣ ಆ ನಾಲ್ಕು ಚುಕ್ಕೆಯ ಬಾಯಿ ಕೆಳಗೆ ಬಾಗುತ್ತದೆ. “ಪಾಪ, ಮಗುವಿನ ಮುಖ ಹೇಗೆ ಬಾಡಿತು ನೋಡು. ಒಂದು ಗಳಿಗೆ ಬಿಡಬಾರದೇನೋ ಅದನ್ನು?” ಎಂದು ಅವರೆಂದಾಗ, ಅದನ್ನು ಕೊಂದ ಪಾಪವೂ ನನಗೇ ಸುತ್ತಿಕೊಂಡಿತು. ಮರುಕ್ಷಣ ಅವನು ಹತ್ತಿರದ ಚೆಕ್‌ಪಾಯಿಂಟಿನಲ್ಲಿ ಎದ್ದು ನಿಂತು ಮತ್ತೆ ನಗುತ್ತಾನೆ. ಈ ಆಟದಲ್ಲಿ ಸಾವಿಗೆ ದಂಡವಿಲ್ಲ. ಎಷ್ಟು ಸಲ ಸತ್ತರೂ ಹಿನ್ನೆಲೆಯ ಸಂಗೀತ ನಿಲ್ಲುವುದಿಲ್ಲ. ಮ್ಯಾಗ್ನಸ್ ಪೋಲ್ಸನ್ ಸಂಯೋಜಿಸಿದ ಆ ಧಾಟಿಗಳಿಗೆ ಎಂಥ ಹುರುಪೆಂದರೆ, ನನ್ನ ಸೋಲನ್ನು ಯಾರೋ ಪಕ್ಕದ ಬೀದಿಯಲ್ಲಿ ಪಟಾಕಿ ಹೊಡೆದು ಆಚರಿಸುತ್ತಿದ್ದಾರೆ ಅನ್ನಿಸಬೇಕು.

ಆ ಇಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಆಟದಲ್ಲಿ ಹುಡುಕಬೇಕಾದ ಇಪ್ಪತ್ತು ಹೊಳೆಯುವ ಒಡವೆಗಳಲ್ಲಿ ಒಂದು, ಕಣ್ಣೆದುರಿಗೇ, ಪುಟ್ಟ ಇಟ್ಟಿಗೆಯೊಂದರ ಆಚೆ ಬದಿಯಲ್ಲಿ ಕುಳಿತಿದೆ. ಕಾಲೆತ್ತಿ ದಾಟಿದರೆ ಮುಗಿಯಿತು. ಕ್ಯಾಪ್ಟನ್ ಕಾಲೆತ್ತುವುದಿಲ್ಲ. ಪಕ್ಕದ ಮೇಜಿನವರ ಒಂದು ರುಜುವಿಗಾಗಿ ಎಲ್ಲ ಮಹಡಿಗಳನ್ನೂ ಹತ್ತಿಳಿಸುವ ಕಚೇರಿಯ ಹಾಗೆ, ಅವನು ಗುರುತ್ವ ತಿರುಗಿಸಿ ಎರಡೂ ಕಡೆ ಮುಳ್ಳು ತುಂಬಿದ ಕೋಣೆಗಳ ಸಾಲಿನಲ್ಲಿ ಮೇಲಕ್ಕೆ ಬಿದ್ದು, ತುದಿ ಮುಟ್ಟಿ, ಅದೇ ಮುಳ್ಳುಗಳ ನಡುವೆ ಕೆಳಕ್ಕೆ ಬಿದ್ದು ಇಟ್ಟಿಗೆಯ ಆಚೆ ಇಳಿಯಬೇಕು. ದಾರಿಯಲ್ಲಿ ಚೆಕ್‌ಪಾಯಿಂಟ್ ಇಲ್ಲ. ಕೂದಲೆಳೆಯಷ್ಟು ತಪ್ಪಿದರೂ ಮತ್ತೆ ಇಟ್ಟಿಗೆಯ ಈಚೆ. ಕೋಣೆಗಳಿಗೆ ಹೆಸರಿಟ್ಟವರು ಇನ್ನೊಬ್ಬ ಆಟ ವಿನ್ಯಾಸಕ ಬೆನೆಟ್ ಫಾಡಿ. ಆಟಗಾರರನ್ನು ಗೋಳುಹೊಯ್ದುಕೊಳ್ಳುವುದರಲ್ಲಿ ಅವರ ಖ್ಯಾತಿಯೇ ಬೇರೆ. ಈ ಸಾಲಿನ ಒಂದು ಕೋಣೆಗೆ ‘ಈಜಿ ಮೋಡ್ ಅನ್‌ಲಾಕ್ಡ್’, ಅಂದರೆ ಸುಲಭದ ಹಂತ ತೆರೆಯಿತು, ಎಂದು ಹೆಸರು. ಇನ್ನೊಂದರ ಹೆಸರು ನಿಮ್ಮ ಕಹಿ ಕಣ್ಣೀರು ಬಹಳ ರುಚಿಯಾಗಿದೆ ಎನ್ನುತ್ತದೆ. ಒಡವೆ ಬಿಟ್ಟರೂ ಆಟ ಮುಗಿಯುತ್ತದೆ, ಯಾರ ಬಲವಂತವೂ ಇಲ್ಲ. ಬಲವಂತವಿದ್ದಿದ್ದರೆ ನಾನೂ ಬಿಟ್ಟುಬಿಡುತ್ತಿದ್ದೆ.

ಹಾಗೆಂದು ಆಟವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಕ್ಯಾಪ್ಟನ್ ಕಾಲಿಗೆ ಎಣ್ಣೆ ಹಚ್ಚಿಕೊಂಡಿದ್ದಾನೇನೋ, ಕೀಲಿಯಿಂದ ಬೆರಳು ತೆಗೆದ ಮೇಲೂ ಒಂದಿಷ್ಟು ಜಾರುತ್ತಾನೆ. ಕಳೆದುಹೋದ ಸಹೋದ್ಯೋಗಿಯನ್ನು ಕರೆತರುವ ಘಟ್ಟವಂತೂ ಶಿಕ್ಷೆ. ನಾವು ನೆಲದ ಮೇಲಿದ್ದರೆ ಅವನು ಹಿಂದೆಯೇ ಬರುತ್ತಾನೆ, ಸೂರಿಗೆ ಹೋದರೆ ನಿಂತುಬಿಡುತ್ತಾನೆ. ಈ ನಿಯಮವನ್ನು ಕ್ಯಾಪ್ಟನ್ ಮರೆತ ಕ್ಷಣವೇ ಆ ಸಹೋದ್ಯೋಗಿ ನಿಶ್ಚಿಂತೆಯಿಂದ ಮುಳ್ಳಿನೊಳಗೆ ನಡೆದು ಹೋಗುತ್ತಾನೆ. ಮದುವೆ ಮನೆಯಲ್ಲಿ ಚಿಕ್ಕಪ್ಪನನ್ನು ಊಟದ ಪಂಕ್ತಿಗೆ ಕರೆದೊಯ್ದವರಿಗೆ ಇದರ ತರಬೇತಿ ಮೊದಲೇ ಆಗಿರುತ್ತದೆ. ಕೈ ಪಳಗಿದವರಿಗೆ ಇಡೀ ಆಟ ಒಂದು ಸಂಜೆಯಲ್ಲಿ ಮುಗಿದುಹೋಗುತ್ತದೆ ಎಂಬುದು ಹಲವರ ದೂರು. ನನ್ನ ದೂರಲ್ಲ.

ಒಂದೆಡೆ ನಾಲ್ಕು ಕೋಣೆಗಳಷ್ಟು ದೊಡ್ಡ ಆನೆಯೊಂದು ಕಣ್ಣೀರು ಸುರಿಸುತ್ತ ನಿಂತಿದೆ. ಏಕೆಂದು ಆಟ ಹೇಳುವುದಿಲ್ಲ. ಅದರ ಹತ್ತಿರ ನಿಂತರೆ ಕ್ಯಾಪ್ಟನ್ ಮುಖವೂ ಸಪ್ಪಗಾಗುತ್ತದೆ, ಅಷ್ಟೇ. ಆಟದ ಹತ್ತನೇ ವರ್ಷಕ್ಕೆ, 2020ರಲ್ಲಿ, ಕ್ಯಾವನಾ ಮೂಲ ಕೋಡನ್ನೇ ಎಲ್ಲರಿಗೂ ತೆರೆದಿಟ್ಟರು. ಅದರಲ್ಲಿದ್ದ ನೂರಾರು ಕವಲುಗಳ ಒಂದೇ ಒಂದು ಸ್ವಿಚ್ ಹೇಳಿಕೆಯನ್ನು (ಯಾವ ಸಂದರ್ಭಕ್ಕೆ ಏನು ಮಾಡಬೇಕೆಂದು ಪಟ್ಟಿ ಮಾಡುವ ಕೋಡಿನ ತುಣುಕನ್ನು) ಕಂಡು ಪ್ರೋಗ್ರಾಮರ್‌ಗಳು ಹಣೆ ಚಚ್ಚಿಕೊಂಡರು. ಅಡುಗೆಮನೆ ಹೇಗಾದರೂ ಇರಲಿ, ಸಾರು ಚೆನ್ನಾಗಿದೆ.

ಇಷ್ಟರಲ್ಲಿ, ಗುರುತ್ವ ತಿರುಗಿಸಲು ನಾನು ಒತ್ತುತ್ತಿದ್ದ ಲ್ಯಾಪ್‌ಟಾಪಿನ ಸ್ಪೇಸ್ ಕೀಲಿ ಮುಷ್ಕರ ಹೂಡಿತು. ಮೋಟರ್ ಕೆಟ್ಟಿದೆಯೆಂದು ವಸತಿ ಸಂಘದ ಕಾರ್ಯದರ್ಶಿಗೆ ಬರೆದ ಪತ್ರ ಆರಂಭದಿಂದ ಅಂತ್ಯದವರೆಗೆ ಒಂದೇ ಪದವಾಗಿ ಹೋಯಿತು. ಅವರು ಅದನ್ನು ಓದುವ ಸಾಹಸಕ್ಕಿಳಿಯದೆ ನೇರವಾಗಿ ಮೋಟರ್ ರಿಪೇರಿ ಮಾಡಿಸಿದರು. ಮರುದಿನ ಲ್ಯಾಪ್‌ಟಾಪನ್ನು ಅಂಗಡಿಗೆ ಒಯ್ದೆ. ಅಂಗಡಿಯವರು ಸವೆದ ಕೀಲಿಯನ್ನು ಬೆಳಕಿಗೆ ಹಿಡಿದು, ಗೌರವದಿಂದ ನನ್ನ ಮುಖ ನೋಡಿ, “ಸಾರ್, ಕೋರ್ಟಿನಲ್ಲಿ ಟೈಪಿಂಗ್ ಕೆಲಸವೇ?” ಎಂದರು. ಅಲ್ಲವೆಂದೆ. “ಹಾಗಾದರೆ ಪಿಎಚ್.ಡಿ. ಇರಬೇಕು” ಎಂದು ತಾವೇ ತೀರ್ಮಾನಿಸಿ, ಬಿಲ್ಲಿನಲ್ಲಿ ನೂರು ರೂಪಾಯಿ ಕಡಿಮೆ ಮಾಡಿದರು.