ಹಾರ್ನೆಟ್ ನಳಿಗೆಗೆ ರೀಮರ್ ಹಾಕಿಸುವ ಮೊದಲು

ಇಲ್ಲಿ ಒಹಾಯೊದಲ್ಲಿ ಸೋಯಾ ಹೊಲದ ಅಂಚಿಗೆ ಬಿಲ ತೋಡುವ ಗ್ರೌಂಡ್‌ಹಾಗ್‌ಗಳನ್ನು ಹೊಡೆಯಲು .22 ಹಾರ್ನೆಟ್ ರೈಫಲ್ ಇಟ್ಟುಕೊಂಡವರು ಈಗಲೂ ಇದ್ದಾರೆ. ಸದ್ದು ಕಡಿಮೆ, ಹೆಗಲಿಗೆ ಒದೆತ ಇಲ್ಲವೆನ್ನುವಷ್ಟು, 150 ಗಜದೊಳಗೆ ಗುರಿ ಖಚಿತ. ಆದರೂ ಅವರಲ್ಲಿ ಹಲವರಿಗೆ ಒಂದು ಚಪಲ ಹತ್ತುತ್ತದೆ: ಚೇಂಬರನ್ನು, ಅಂದರೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡನ್ನು, ರೀಮರ್ ಎಂಬ ಕೊರೆಯುವ ಉಪಕರಣದಿಂದ ಮತ್ತೆ ಕೊರೆಯಿಸಿ ಕೆ-ಹಾರ್ನೆಟ್ ಮಾಡಿಸಿದರೆ ಹೇಗೆ? ವೇಗದ ಆಸೆಗಾದರೆ ಬೇಡ ಎನ್ನುತ್ತೇನೆ. ತೋಟಾದ ಹಿತ್ತಾಳೆ ಕೇಸ್ ಮತ್ತೆ ಮತ್ತೆ ತುಂಬಲು ಬಾಳಲಿ ಎಂದಾದರೆ ಧಾರಾಳವಾಗಿ ಮಾಡಿಸಿ.

ಹಾರ್ನೆಟ್‌ನ ಮೂಲ 1885ರ ಕರಿಮದ್ದಿನ ತೋಟಾ, .22 ಡಬ್ಲ್ಯುಸಿಎಫ್ (ವಿಂಚೆಸ್ಟರ್ ಸೆಂಟರ್ ಫೈರ್). 1920ರ ದಶಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಕೆಲವು ಉತ್ಸಾಹಿಗಳು ಅದಕ್ಕೆ ಹೊಗೆರಹಿತ ಮದ್ದು ತುಂಬಿ ನೋಡಿದರು. 1930ರಲ್ಲಿ ವಿಂಚೆಸ್ಟರ್ ಅದನ್ನು ಮಾರುಕಟ್ಟೆಗೆ ತಂದಿತು. ಮದ್ದು ಹೊಸದಾಯಿತು, ಕೇಸ್‌ನ ಆಕಾರ ಮಾತ್ರ ಅಜ್ಜನ ಕಾಲದ್ದೇ ಉಳಿಯಿತು. ಗೋಡೆ ತೆಳು, ಮೈ ಉದ್ದಕ್ಕೂ ಇಳಿಜಾರು, ಕತ್ತಿನ ಕೆಳಗಿನ ಭುಜ ಹೆಸರಿಗಷ್ಟೇ. ಈಡು ಹಾರಿದಾಗಲೆಲ್ಲ ಹಿತ್ತಾಳೆ ಮುಂದಕ್ಕೆ ಹರಿಯುತ್ತದೆ, ಬಾಯಿ ಉದ್ದವಾಗುತ್ತದೆ, ಬುಡ ಸವೆಯುತ್ತದೆ. ಕೊನೆಗೆ ಬುಡದ ಅಂಚಿನ ಸ್ವಲ್ಪ ಮೇಲೆ ಕೇಸ್ ಎರಡಾಗಿ ಮುರಿದು ಮುಂದಿನ ತುಂಡು ಚೇಂಬರಿನಲ್ಲೇ ಸಿಕ್ಕಿಕೊಳ್ಳುತ್ತದೆ. ತೋಟಾವನ್ನು ತಾನೇ ತುಂಬಿಕೊಳ್ಳುವವನಿಗೆ ಇದಕ್ಕಿಂತ ದೊಡ್ಡ ಕಿರಿಕಿರಿ ಇಲ್ಲ.

ಇದಕ್ಕೆ ಅಮೆರಿಕದ ಕೋವಿ ಕೆಲಸಗಾರ ಲೈಲ್ ಕಿಲ್ಬರ್ನ್ 1940ರ ಸುಮಾರಿಗೆ ಕಂಡುಕೊಂಡ ಉಪಾಯವೇ ಕೆ-ಹಾರ್ನೆಟ್, ಅದು ಸರಳ. ಮೈಯ ಇಳಿಜಾರು ಕಡಿಮೆ, ಭುಜ ಹೆಚ್ಚು ಕಡಿದಾದದ್ದು. ಅಂಗಡಿಯ ಮಾಮೂಲಿ ಹಾರ್ನೆಟ್ ತೋಟಾವನ್ನೇ ಹೊಸ ಚೇಂಬರಿನಲ್ಲಿ ಹಾರಿಸಿದರೆ ಕೇಸ್ ಉಬ್ಬಿ ಆ ಆಕಾರ ತಾಳುತ್ತದೆ. ಆಮೇಲೆ ತೋಟಾ ಕೇವಲ ತೆಳು ಅಂಚಿನ ಮೇಲೆ ನಿಲ್ಲಬೇಕಿಲ್ಲ, ಭುಜದ ಆಸರೆಯೂ ಸಿಗುತ್ತದೆ, ಹಿಗ್ಗುವಿಕೆ ತಗ್ಗುತ್ತದೆ. ಬೋಲ್ಟ್, ಮ್ಯಾಗಜಿನ್ ಯಾವುದನ್ನೂ ಮುಟ್ಟಬೇಕಿಲ್ಲ ಎಂಬುದೇ ಇದರ ಜಾಣತನ.

ವೇಗದ ಲೆಕ್ಕ ನೋಡಿ. ಹಾರ್ನೆಟ್ 45 ಗ್ರೇನ್ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,690 ಅಡಿ ವೇಗದಲ್ಲಿ ಎಸೆಯುತ್ತದೆ. ಕೆ ಅದಕ್ಕೆ ನೂರು, ಬಹಳವೆಂದರೆ ಇನ್ನೂರು ಅಡಿ ಸೇರಿಸಬಹುದು. 1950ರ .222 ರೆಮಿಂಗ್ಟನ್ ತೋಟಾ 50 ಗ್ರೇನ್ ಗುಂಡನ್ನೇ 3,140ಕ್ಕೆ ಒಯ್ಯುತ್ತದೆ. ಅದನ್ನು ಹಿಡಿಯಲು ಮದ್ದು ಒತ್ತಿ ತುಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಳಿಗೆಯ ಒಳತಿರುವನ್ನು, ಅಂದರೆ ಗುಂಡನ್ನು ತಿರುಗಿಸುವ ಸುರುಳಿ ಗೀರುಗಳನ್ನು, ರೀಮರ್ ಬದಲಿಸುವುದಿಲ್ಲ ಎಂಬುದನ್ನೂ ಜನ ಮರೆಯುತ್ತಾರೆ. ಹಳೆಯ ಹಾರ್ನೆಟ್‌ಗಳಲ್ಲಿ 16 ಇಂಚಿಗೊಂದು ಸುತ್ತು. ಉದ್ದನೆಯ ಭಾರದ ಗುಂಡು ಅದರಲ್ಲಿ ಸ್ಥಿರವಾಗಿ ಹಾರದು. ಜೇಬು ದೊಡ್ಡದು ಮಾಡಿಸಿದರೆ ಅಂಗಿಯ ತೋಳು ಉದ್ದವಾಗುವುದಿಲ್ಲ. ಜೊತೆಗೆ ಮೊದಮೊದಲ ನಳಿಗೆಗಳ ಒಳ ಅಳತೆ .223 ಇಂಚು, ನಂತರದವುಗಳದ್ದು .224. ಮೊದಲು ಅಳತೆ ತೆಗೆಸಿ, ಚೇಂಬರಿನ ಮುಂದಿನ ಭಾಗ ಎಷ್ಟು ಸವೆದಿದೆ ನೋಡಿಸಿ, ಆಮೇಲೆ ಹಣದ ಮಾತು.

1964ಕ್ಕಿಂತ ಹಿಂದಿನ ವಿಂಚೆಸ್ಟರ್ ಮಾಡೆಲ್ 70 ಹಾರ್ನೆಟ್ ಮನೆಯಲ್ಲಿದ್ದರೆ ಈ ಯೋಚನೆಯನ್ನೇ ಬಿಡಿ. ಸಂಗ್ರಹಕಾರರು ಹುಡುಕಾಡುವ ಕೋವಿ ಅದು. ಎಷ್ಟೋ ರೈಫಲ್‌ಗಳು ಕೆ ಆಗಿ ಆ ಬೆಲೆ ಕಳೆದುಕೊಂಡಿವೆ. ಹೆಚ್ಚಿನ ವೇಗ ಬೇಕಿದ್ದರೆ ಒಂದು .223 ರೆಮಿಂಗ್ಟನ್ ರೈಫಲ್ ಕೊಳ್ಳಿ.

ಕೊಡಗಿನ ಗೆಳೆಯರು ಊರಿನಲ್ಲೂ ಹೀಗೆ ಮಾಡಿಸಬಹುದೇ ಎಂದು ಕೇಳುವುದುಂಟು. ಅಲ್ಲಿನವರಿಗಿರುವ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕೋವಿಯ ಮಾರ್ಪಾಡು, ದುರಸ್ತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಲಂ 5ಕ್ಕೆ ಬರುತ್ತದೆ. ಪರವಾನಗಿ ಇಲ್ಲದವರ ಕೈಗೆ ನಳಿಗೆ ಕೊಡುವ ಹಾಗಿಲ್ಲ.

ಇಲ್ಲಿ ಮಾಡಿಸುವವರಿಗೂ ಒಂದು ಮಾತು: ನಳಿಗೆಯ ಮೇಲೆ ಹೊಸ ಹೆಸರು ಕೊರೆಯಿಸಿ. ಕೈ ಬದಲಾದ ರೈಫಲ್‌ನಲ್ಲಿ ಮೊದಲ ಈಡು ಹಾರಿದ ಮೇಲೆ ಕೇಸ್‌ನ ಆಕಾರ ನೋಡಿ ಕೊಂಡವನು ಬೆಚ್ಚಿಬೀಳುವಂತಾಗಬಾರದು. ಆ ಗುರುತು ಹಾಕಲು ಒಪ್ಪದ ಕೆಲಸಗಾರನಿಂದ ಕೋವಿಯನ್ನು ವಾಪಸು ತನ್ನಿ.