ಪಕ್ಕದ ರಾಜಧಾನಿಗೆ ಒಂದು ನೇರ ರೈಲಿಗೂ ಗತಿಯಿಲ್ಲವೇ?

ಪೋರ್ಚುಗಲ್‌ನ ಲಿಸ್ಬನ್‌ನಿಂದ ಸ್ಪೇನಿನ ಮ್ಯಾಡ್ರಿಡ್‌ಗೆ ಆಕಾಶಮಾರ್ಗದಲ್ಲಿ ಸುಮಾರು 500 ಕಿಲೋಮೀಟರ್, ರಸ್ತೆಯಲ್ಲಿ 630ರ ಆಸುಪಾಸು. ಕಾರಿದ್ದವರು ಆರು ಗಂಟೆಯಲ್ಲಿ ಮುಟ್ಟುತ್ತಾರೆ. ರೈಲನ್ನು ನಂಬಿದವರಿಗೆ ಒಂಬತ್ತು ಗಂಟೆಯಾದರೂ ಬೇಕು, ಅದೂ ಎಲ್ಲ ಸರಿಯಾಗಿ ನಡೆದರೆ. ಈ ಎರಡು ರಾಜಧಾನಿಗಳ ನಡುವೆ ನೇರವಾಗಿ ಓಡುವ ಒಂದು ರೈಲೂ ಇಲ್ಲ! 'ಯುರೋಪಿನಲ್ಲಿರುವ ನಿನಗೆ ರೈಲಿನ ಚಿಂತೆಯೇ?' ಎಂದು ಊರಿನಿಂದ ಫೋನ್ ಮಾಡಿದವರು ಕೇಳಿದಾಗೆಲ್ಲ ಮೈ ಉರಿಯುತ್ತದೆ.

ಹಿಂದೆ ಇತ್ತು. ಲುಸಿಟಾನಿಯಾ ಎಂಬ ರಾತ್ರಿ ರೈಲು. ಬೆಂಗಳೂರಿನಲ್ಲಿ ಹತ್ತಿ ಮಲಗಿದವರು ಹುಬ್ಬಳ್ಳಿಯಲ್ಲಿ ಎದ್ದು ಇಳಿಯುವ ಹಾಗೆ, ಇಲ್ಲಿಯೂ ರಾತ್ರಿ ಹತ್ತಿ ಬೆಳಗ್ಗೆ ಇಳಿಯಬಹುದಿತ್ತು. 2020ರ ಮಾರ್ಚ್‌ನಲ್ಲಿ ಕೋವಿಡ್ ಹೆಸರಿನಲ್ಲಿ ಅದನ್ನು ನಿಲ್ಲಿಸಿದರು. ಕೋವಿಡ್ ಹೋಯಿತು, ರೈಲು ಮರಳಲಿಲ್ಲ. ಅದರ ಮರುವರ್ಷವನ್ನೇ, ಅಂದರೆ 2021ನ್ನು, ಯುರೋಪಿಯನ್ ಒಕ್ಕೂಟ 'ರೈಲು ವರ್ಷ' ಎಂದು ಆಚರಿಸಿತು. ವಿಮಾನ ಬಿಡಿ, ರೈಲು ಹತ್ತಿ, ಇಂಗಾಲ ಕಡಿಮೆ ಮಾಡಿ ಎಂದು ನಮಗೆ ಬುದ್ಧಿ ಹೇಳಿದರು. ಯಾವ ರೈಲು ಹತ್ತಬೇಕು ಸ್ವಾಮಿ?

ನನ್ನ ತಂಗಿ ಮ್ಯಾಡ್ರಿಡ್‌ನಲ್ಲಿದ್ದಾಳೆ. ಶಿವಮೊಗ್ಗದಿಂದ ಬಂದಿದ್ದ ಅಮ್ಮನನ್ನು ಅವಳ ಮನೆಗೆ ಕರೆದೊಯ್ಯಬೇಕಿತ್ತು. ಲಿಸ್ಬನ್‌ನಿಂದ ಎಂಟ್ರೊಂಕಮೆಂಟೊವರೆಗೆ ಒಂದು ರೈಲು. ಅಲ್ಲಿಂದ ಗಡಿಯಾಚೆಯ ಬಡಾಹೋಸ್‌ಗೆ ಇನ್ನೊಂದು, ಅದು ಹಳೆಯ ಡೀಸೆಲ್ ಬಂಡಿ. ಬಡಾಹೋಸ್‌ನಿಂದ ಮ್ಯಾಡ್ರಿಡ್‌ಗೆ ಮತ್ತೊಂದು. ಮಂಡಿನೋವಿನ ಅಮ್ಮ ಪ್ರತಿ ಸಲವೂ ನನ್ನ ಭುಜ ಹಿಡಿದು ಇಳಿಯಬೇಕು, ನಾನು ಸೂಟ್‌ಕೇಸ್ ಇಳಿಸಲು ಮತ್ತೆ ಒಳಗೆ ಓಡಬೇಕು. ಡೀಸೆಲ್ ಬಂಡಿ ತಡವಾಯಿತು. ಸ್ಪೇನಿನ ಗಡಿಯಾರ ಪೋರ್ಚುಗಲ್‌ನದಕ್ಕಿಂತ ಒಂದು ಗಂಟೆ ಮುಂದಿರುವುದರಿಂದ ಅಮ್ಮನ ಕೈಗಡಿಯಾರ ನೋಡಿ ಇನ್ನೂ ಹೊತ್ತಿದೆ ಎನ್ನಿಸಿತು. ನಿಲ್ದಾಣದ ಗಡಿಯಾರ ನೋಡಿದರೆ ಮ್ಯಾಡ್ರಿಡ್ ರೈಲು ಆಗಲೇ ಹೊರಟುಹೋಗಿತ್ತು.

ಕೌಂಟರಿನಲ್ಲಿದ್ದವರು ಟಿಕೆಟ್ ತಿರುಗಿಸಿ ನೋಡಿ, ತಡವಾದದ್ದು ನಮ್ಮ ರೈಲಲ್ಲ ಎಂದು ಕೈತೊಳೆದುಕೊಂಡರು. ಇಡೀ ಪ್ರಯಾಣಕ್ಕೆ ಒಂದೇ ಟಿಕೆಟ್ ಇದ್ದರೆ ಮುಂದಿನ ರೈಲಿನಲ್ಲಿ ಕೂರಿಸುವುದು ಅವರ ಹೊಣೆ. ಬೇರೆ ಬೇರೆ ಟಿಕೆಟ್ ಇದ್ದರೆ ನಿಮ್ಮ ಹಣೆಬರಹ. ಆ ಒಂದೇ ಟಿಕೆಟ್ಟನ್ನು ಮಾರುವವರು ಮಾತ್ರ ನನಗೆ ಎಲ್ಲಿಯೂ ಸಿಗಲಿಲ್ಲ. ಹೊಸ ಟಿಕೆಟ್ಟಿಗೆ ದುಡ್ಡು ಕೊಟ್ಟು ಗಂಟೆಗಟ್ಟಲೆ ಬೆಂಚಿನ ಮೇಲೆ ಕುಳಿತೆವು. ಅಮ್ಮ ಒಂದು ಮಾತೂ ಆಡದೆ ಮಂಡಿ ನೀವಿಕೊಳ್ಳುತ್ತಿದ್ದಳು. ಅದನ್ನು ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

ಹಣವಿಲ್ಲ, ತಂತ್ರಜ್ಞಾನವಿಲ್ಲ ಎಂದು ಯಾರೂ ಹೇಳಬೇಡಿ. ಮ್ಯಾಡ್ರಿಡ್–ಬಾರ್ಸಿಲೋನಾ ನಡುವಿನ 621 ಕಿಲೋಮೀಟರನ್ನು 2008ರಿಂದ ರೈಲು ಸುಮಾರು ಎರಡೂವರೆ ಗಂಟೆಯಲ್ಲಿ ಮುಗಿಸುತ್ತಿದೆ. ತಮ್ಮ ದೇಶದೊಳಗೆ ಇಷ್ಟು ಚೆನ್ನಾಗಿ ಹಳಿ ಹಾಸಬಲ್ಲವರಿಗೆ ಗಡಿ ಬಂದಾಗ ಏನಾಗುತ್ತದೆ? ಎರಡೂ ದೇಶಗಳು 1986ರ ಜನವರಿ 1ರಂದು ಒಟ್ಟಿಗೇ ಇಂದಿನ ಒಕ್ಕೂಟದ ಹಿಂದಿನ ರೂಪವಾದ ಯುರೋಪಿಯನ್ ಸಮುದಾಯ ಸೇರಿದವು. 2030ರ ಫುಟ್ಬಾಲ್ ವಿಶ್ವಕಪ್ಪನ್ನು ಮೊರಾಕ್ಕೊ ಜೊತೆ ಸೇರಿ ನಡೆಸುತ್ತವೆ. ಎರಡು ರಾಜಧಾನಿಗಳ ಸಾಮಾನ್ಯ ಜನ ಓಡಾಡಲು ಒಂದು ರೈಲು ಬಿಡುವುದಕ್ಕೆ ಮಾತ್ರ ಒಮ್ಮತವಿಲ್ಲ.

ವೇಗದ ಹಳಿ ಬರುತ್ತದೆ, ಮೂರು ಗಂಟೆಯ ಪ್ರಯಾಣವಾಗುತ್ತದೆ ಎಂಬ ಘೋಷಣೆಗಳನ್ನು ಕೇಳಿ ಕೇಳಿ ಸಾಕಾಗಿದೆ. ಅದು ಬಂದಾಗ ಬರಲಿ. ಅಲ್ಲಿಯವರೆಗೆ ನಿಲ್ಲಿಸಿದ ರಾತ್ರಿ ರೈಲನ್ನು ಮತ್ತೆ ಓಡಿಸಿ. ಅದೂ ಆಗದಿದ್ದರೆ ಬಡಾಹೋಸ್‌ನಲ್ಲಿ ಒಂದು ರೈಲು ಬರುವ ತನಕ ಇನ್ನೊಂದನ್ನು ಹತ್ತು ನಿಮಿಷ ನಿಲ್ಲಿಸಿ. ಅಷ್ಟಕ್ಕೂ ಹೊಸ ಹಳಿ ಬೇಕೇ?