‘ಏನೂ ಆಗಲಿಲ್ಲ ಅಲ್ವಾ, ಬಿಡು’ ಅಂತ ನನಗೆ ಹೇಳಬೇಡಿ

"ಏನೂ ಆಗಲಿಲ್ಲ ಅಲ್ವಾ, ಬಿಡು ಮಾರಾಯ." ಬೆಟ್ಟದ ಮೇಲೆ ಯಾರೋ ಆರಿಸದೆ ಬಿಟ್ಟುಹೋದ ಬೆಂಕಿಯ ವಿಷಯ ಹೇಳಿದ್ದಕ್ಕೆ ಈ ವಾರ ಮೂರು ಜನರ ಬಾಯಲ್ಲಿ ಇದೇ ಮಾತು ಕೇಳಿದೆ. ಮೂರನೆಯವನ ಹತ್ತಿರ ಜಗಳವೇ ಆಯಿತು. ಒಳಗೇ ಇಟ್ಟುಕೊಂಡು ಕುದಿದಿದ್ದು ಸಾಕು, ಇಲ್ಲಿ ಬರೆದೇ ಬಿಡುತ್ತೇನೆ.

ನಾವಿರುವುದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ. ಇಲ್ಲಿನ ಕ್ಯಾಸ್ಕೇಡ್ ಬೆಟ್ಟಗಳ ತುದಿಯಲ್ಲಿ ಕಾಡ್ಗಿಚ್ಚು ಕಾಯಲು ಕಟ್ಟಿದ ಹಳೇ ಮರದ ಕೋಣೆಗಳಿವೆ. ಫೈರ್ ಲುಕೌಟ್ ಅಂತಾರೆ. ಈಗ ಕೆಲವನ್ನು ರಾತ್ರಿ ತಂಗಲು ಬಾಡಿಗೆಗೆ ಕೊಡುತ್ತಾರೆ. ಸಿಗುವುದು ಮಾತ್ರ ತುಂಬಾ ಕಷ್ಟ. ಆರು ತಿಂಗಳು ಮುಂಚೆ ಬೆಳಗ್ಗೆ ಏಳಕ್ಕೆ ಬುಕಿಂಗ್ ಶುರುವಾದರೆ ಏಳೂ ಒಂದಕ್ಕೆ ಎಲ್ಲ ಖಾಲಿ. ಎರಡು ವರ್ಷ ಒದ್ದಾಡಿದ ಮೇಲೆ ಈ ಆಗಸ್ಟಿನಲ್ಲಿ ಒಂದೇ ಒಂದು ರಾತ್ರಿ ಸಿಕ್ಕಿತ್ತು. ಸಾಗರದಿಂದ ಅಪ್ಪಯ್ಯ ಬಂದಿದ್ದರು. ಅವರಿಗೆ ತೋರಿಸಬೇಕು ಅಂತಲೇ ಹೊರಟಿದ್ದು.

ಮೇಲೆ ನೀರಿಲ್ಲ. ಕುಡಿಯಲು, ಅಡುಗೆಗೆ, ಕೈ ತೊಳೆಯಲು, ಎಲ್ಲದಕ್ಕೂ ಕೆಳಗಿನಿಂದಲೇ ಹೊರಬೇಕು. ನಾನೂ ನನ್ನ ಹೆಂಡತಿಯೂ ಸೇರಿ ಹದಿನಾರು ಲೀಟರ್ ಹೊತ್ತೆವು. ಬೇಡ ಅಂದರೂ ಕೇಳದೆ ಅಪ್ಪಯ್ಯನೂ ಎರಡು ಬಾಟಲಿ ಚೀಲಕ್ಕೆ ಹಾಕಿಕೊಂಡರು. ಏರು ದಾರಿ, ಬಿಸಿಲು, ಕಾಲಿಟ್ಟಲ್ಲೆಲ್ಲ ಪುಡಿಪುಡಿಯಾಗುವ ಒಣ ಮಣ್ಣು. ಮೇಲೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನ ಮೂರು.

ಮೆಟ್ಟಿಲ ಬುಡದಿಂದ ಹತ್ತು ಹೆಜ್ಜೆ ಆಚೆ ಕಲ್ಲು ಜೋಡಿಸಿ ಬೆಂಕಿ ಹಾಕಿದ ಗುರುತು. ಮೇಲೆ ಬಿಳಿ ಬೂದಿ. ಅಪ್ಪಯ್ಯ ಬಗ್ಗಿ ಅಂಗೈ ತಿರುಗಿಸಿ ಬೂದಿಯ ಮೇಲೆ ಹಿಡಿದರು. "ಇದು ಆರಿಲ್ಲ ಕಣೋ," ಅಂದರು. ಕೋಲಿನಿಂದ ಕೆದಕಿದರೆ ಕೆಳಗೆ ಕೆಂಡ. ಒಂದು ಬದಿಯಲ್ಲಿ ಕಲ್ಲಿನ ಕೆಳಗಿಂದ ಹಾದುಹೋದ ಮರದ ಬೇರೊಂದು ಕರಕಲಾಗಿ ಸಣ್ಣಗೆ ಹೊಗೆ ಬಿಡುತ್ತಿತ್ತು. ಇದು ಆಗಸ್ಟ್ ತಿಂಗಳು. ಬೆಂಕಿ ಹಾಕುವುದಕ್ಕೆ ಪೂರ್ತಿ ನಿಷೇಧ. ಬುಕಿಂಗ್ ಮಾಡಿದಾಗ ಬಂದ ಮೇಲ್‌ನಲ್ಲಿ ಅದು ಇತ್ತು. ಕಾರು ನಿಲ್ಲಿಸುವ ಜಾಗದಲ್ಲಿ ಕೆಂಪು ಅಕ್ಷರದ ಹಾಳೆ ಇತ್ತು. ಬಾಗಿಲಿಗೂ ಅಂಟಿಸಿದ್ದರು. ಗೊತ್ತಿರಲಿಲ್ಲ ಅನ್ನೋ ಮಾತೇ ಇಲ್ಲ.

ಬೆಂಕಿ ಕಾಯೋಕೆ ಅಂತ ಕಟ್ಟಿದ ಮನೆ ಅದು! ಅದರ ಬುಡಕ್ಕೇ ಬೆಂಕಿ ಹಾಕಿ ಎದ್ದು ಹೋಗಿದ್ದಾರೆ!

ಈ ಮನೆಗಳು ಸುಮ್ನೆ ಹುಟ್ಟಿದ್ದಲ್ಲ. 1910ರ ಆಗಸ್ಟಿನಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟುಹೋಯಿತು. ಬೆಂಕಿ ಆರಿಸಲು ಹೋದವರೇ ಎಪ್ಪತ್ತಕ್ಕೂ ಜಾಸ್ತಿ ಜನ ಸತ್ತರು. ಅದಾದ ಮೇಲೆ ಬೆಟ್ಟ ಬೆಟ್ಟದ ಮೇಲೆ ಕಾವಲು ಎದ್ದಿತು. 1930ರ ದಶಕದಲ್ಲಿ ಕೆಲಸವಿಲ್ಲದ ಹುಡುಗರನ್ನು ಸೇರಿಸಿಕೊಂಡು ಸರ್ಕಾರ ಇಂಥವನ್ನು ರಾಶಿ ರಾಶಿ ಕಟ್ಟಿಸಿತು. ಹಲಗೆ, ಗಾಜು, ಒಲೆ, ಎಲ್ಲ ಹೇಸರಗತ್ತೆಯ ಬೆನ್ನ ಮೇಲೆ ಬಂದಿದ್ದು. ಹದಿನಾಲ್ಕಡಿ ಉದ್ದ, ಹದಿನಾಲ್ಕಡಿ ಅಗಲದ ಕೋಣೆ, ನಾಲ್ಕೂ ಕಡೆ ಗಾಜು. ಮಧ್ಯದಲ್ಲಿ ಆಸ್ಬೋರ್ನ್ ಫೈರ್ ಫೈಂಡರ್, ಬೆಂಕಿ ಯಾವ ದಿಕ್ಕಿನಲ್ಲಿದೆ ಅಂತ ಅಳೆಯುವ ಉಪಕರಣ. ದುಂಡನೆಯ ನಕ್ಷೆ, ಅದರ ಸುತ್ತ ತಿರುಗುವ ಲೋಹದ ಬಳೆ. ದೂರದಲ್ಲಿ ನೂಲಿನಷ್ಟು ಹೊಗೆ ಎದ್ದರೂ ಬಳೆ ತಿರುಗಿಸಿ, ಕಂಡಿಯಲ್ಲಿ ಕಣ್ಣಿಟ್ಟು, ದಿಕ್ಕಿನ ಡಿಗ್ರಿ ಓದಿ ಫೋನ್ ಮಾಡುತ್ತಿದ್ದರು. ಇನ್ನೊಂದು ಬೆಟ್ಟದವರೂ ಅದನ್ನೇ ನೋಡಿ ಹೇಳಿದರೆ ಎರಡು ಗೆರೆ ಕೂಡಿದಲ್ಲಿ ಬೆಂಕಿ. ಸಿಡಿಲಿನ ಹೊತ್ತಲ್ಲಿ ವಿದ್ಯುತ್ ತಾಗದ ಹಾಗೆ ಹತ್ತಿ ನಿಲ್ಲಲು, ಕಾಲುಗಳಿಗೆ ಗಾಜಿನ ಬಿಲ್ಲೆ ಹಾಕಿದ ಪುಟ್ಟ ಸ್ಟೂಲು. ನಾವು ಹೋದ ಕೋಣೆಯಲ್ಲಿ ಅದು ಇನ್ನೂ ಇದೆ. ಅಪ್ಪಯ್ಯ ಅದನ್ನು ಮಗುಚಿ ಗಾಜು ಮುಟ್ಟಿ ಮುಟ್ಟಿ ನೋಡಿದರು.

ಆದರೆ ಅದೆಲ್ಲ ನೋಡಿದ್ದು ಆಮೇಲೆ. ಮೊದಲು ಹೊತ್ತು ತಂದ ನೀರು ಹೋಯಿತು. ಶೆಡ್ಡಿನಲ್ಲಿ ಸಲಿಕೆ ಇತ್ತು. ಸುರಿದು, ಕಲಸಿ, ಕೈ ಹಿಂಭಾಗದಿಂದ ಮುಟ್ಟಿ ನೋಡಿ, ಮತ್ತೆ ಸುರಿದು. ಬೂದಿ ಚುಂಯ್ ಅಂತ ಮುಖಕ್ಕೆ ಹಬೆ ಎಬ್ಬಿಸುತ್ತಿತ್ತು. ಬೇರನ್ನು ಅಗೆದು ಬಿಡಿಸಿ ಅದಕ್ಕೂ ನೀರು. ಬೇರಿನೊಳಗೆ ಹೊಕ್ಕ ಬೆಂಕಿ ನೆಲದಡಿ ದಿನಗಟ್ಟಲೆ ಬದುಕಿರುತ್ತದೆ, ಎಲ್ಲೋ ಗಾಳಿ ಸಿಕ್ಕಿದ ಕಡೆ ಮೇಲೆ ಬರುತ್ತದೆ. ಹನ್ನೊಂದು ಲೀಟರ್ ಖಾಲಿಯಾಯಿತು. ಉಳಿದದ್ದರಲ್ಲಿ ಮೂರು ಜನ ರಾತ್ರಿ ಕಳೆಯಬೇಕು, ಅಪ್ಪಯ್ಯನ ಮಾತ್ರೆಗೂ ಅದೇ ನೀರು. ಅನ್ನ ಮಾಡಲಿಲ್ಲ. ಚಪಾತಿ, ಚಟ್ನಿಪುಡಿ ತಿಂದು ಮಲಗಿದೆವು.

ಮಲಗಿದೆವು ಅಂದೆ, ನಾನು ಮಲಗಲಿಲ್ಲ. ಗಾಳಿ ಎದ್ದಾಗಲೆಲ್ಲ ಟಾರ್ಚ್ ಹಿಡಿದು ಕೆಳಗಿಳಿದು ಬೂದಿ ಮುಟ್ಟಿ ಬಂದೆ. ನಾಲ್ಕು ಸಲ. ಎರಡು ವರ್ಷ ಕಾದ ರಾತ್ರಿ ಹೀಗೆ ಮುಗಿಯಿತು.

ಏನೂ ಆಗಲಿಲ್ಲ ಅನ್ನುವವರು 2017ರ ಸೆಪ್ಟೆಂಬರಿನಲ್ಲಿ ಈ ಊರಲ್ಲಿ ಇದ್ದರಾ? ಕೊಲಂಬಿಯಾ ನದಿಯ ಕಣಿವೆಯಲ್ಲಿ, ಈಗಲ್ ಕ್ರೀಕ್ ಹತ್ತಿರ, ಹದಿನೈದು ವರ್ಷದ ಹುಡುಗನೊಬ್ಬ ಪಟಾಕಿ ಎಸೆದ. ಸುಮಾರು 48,000 ಎಕರೆ ಸುಟ್ಟಿತು. ನಮ್ಮ ಕಾರಿನ ಗಾಜಿನ ಮೇಲೆ ಬೂದಿ ಉದುರುತ್ತಿತ್ತು, ಕಿಟಕಿ ತೆಗೆಯುವ ಹಾಗಿರಲಿಲ್ಲ. ಇದೇ ಕ್ಯಾಸ್ಕೇಡ್ ಬೆಟ್ಟಗಳಲ್ಲಿ 1942ರಲ್ಲಿ ಕಟ್ಟಿದ ಬುಲ್ ಆಫ್ ದಿ ವುಡ್ಸ್ ಲುಕೌಟ್ 2021ರ ಬೆಂಕಿಯಲ್ಲಿ ಹೋಯಿತು. ಅದು ಸಿಡಿಲಿನ ಬೆಂಕಿ, ಯಾರನ್ನು ಬೈಯೋಣ? ಸಿಡಿಲಿಗೆ ಹೋಗುವುದೇ ಇಷ್ಟಿರುವಾಗ ಮನುಷ್ಯರೂ ಕೈ ಸೇರಿಸಬೇಕಾ?

ಅಪ್ಪಯ್ಯನಿಗೆ ನನಗಿಂತ ಜಾಸ್ತಿ ನೋವಾಯಿತು. ಊರಲ್ಲಿ ಬೇಸಿಗೆ ಬಂತೆಂದರೆ ತೋಟದ ಮೇಲಿನ ಬೆಟ್ಟದ ಅಂಚಿಗೆ ದರಗು ಗುಡಿಸಿ, ಬೆಂಕಿ ದಾಟದ ಹಾಗೆ ಫೈರ್ ಲೈನ್ ಮಾಡಿಕೊಂಡು ಬಂದವರು ಅವರು. ಯಾರೋ ಬೀಡಿ ಎಸೆದು ಹೋದರೆ ಊರೆಲ್ಲ ಹಸಿ ಸೊಪ್ಪು ಹಿಡಿದು ಓಡಬೇಕು. "ಓದಿದವರಲ್ವಾ ಇವರು?" ಅಂತ ಒಂದೇ ಸಲ ಕೇಳಿದರು. ಆಮೇಲೆ ಮಾತಾಡಲಿಲ್ಲ.

ಬೆಳಗ್ಗೆ ಅತಿಥಿಗಳು ಬರೆಯುವ ಪುಸ್ತಕ ತೆಗೆದೆ. ಹಿಂದಿನ ರಾತ್ರಿಯವರು ಬರೆದಿದ್ದಾರೆ: ನಕ್ಷತ್ರ, ಕ್ಯಾಂಪ್‌ಫೈರ್, ಜೀವನದ ಅತ್ಯುತ್ತಮ ರಾತ್ರಿ. ಪಕ್ಕದಲ್ಲಿ ಒಂದು ಹೃದಯದ ಚಿತ್ರ. ಪುಟದ ಫೋಟೋ ತೆಗೆದುಕೊಂಡೆ. ಅದರ ಕೆಳಗೇ ಬರೆದೆ: ನೀವು ಹೋದ ಮೇಲೆ ಮಧ್ಯಾಹ್ನ ಮೂರಕ್ಕೂ ಕೆಂಡ ಇತ್ತು, ನಾವು ಕುಡಿಯಲು ತಂದ ಹನ್ನೊಂದು ಲೀಟರ್ ನೀರು ಹಿಡಿಯಿತು. ಕೆಳಗಿಳಿದು ಸಿಗ್ನಲ್ ಸಿಕ್ಕ ಕೂಡಲೇ ಅರಣ್ಯ ಕಚೇರಿಗೆ ಫೋನ್ ಮಾಡಿ ತಾರೀಕು ಕೊಟ್ಟಿದ್ದೇನೆ. ಆ ರಾತ್ರಿ ಬುಕ್ ಮಾಡಿದ್ದು ಯಾರು ಅಂತ ಅವರ ಹತ್ತಿರ ಇರುತ್ತದೆ. ಸೋಮವಾರ ಮತ್ತೆ ಫೋನ್ ಮಾಡುತ್ತೇನೆ.